ಚಿಕ್ಕ ಕಾರು, ಮ್ಯಾನುಯಲ್ಲಾ ಆಟೋಮ್ಯಾಟಿಕ್ಕಾ: ಮೈಲೇಜ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಯಾರಾದ್ರೂ ಚಿಕ್ಕ ಕಾರ್ ತಗೋಳೋಕೆ ಹೊರಟ್ರೆ ಬಣ್ಣ ಯಾವ್ದು ಅಂತ ಕೇಳೋಕೂ ಮುಂಚೆ ಕೇಳೋದು ಇದನ್ನೇ. ಫೋನಲ್ಲಿ, ಮೆಸೇಜಲ್ಲಿ, ಮದುವೆ ಮನೇಲಿ ಸಿಕ್ಕಾಗ, ಹೀಗೆ ವರ್ಷಗಟ್ಟಲೆ ಕೇಳಿರೋ ಪ್ರಶ್ನೆಗಳನ್ನ ಒಂದು ಕಡೆ ಸೇರಿಸಿದೀನಿ. ಸುಲಭದ್ದು ಮೊದಲು, ತಲೆ ಕೆರ್ಕೊಳ್ಳೋ ಅಂಥದ್ದು ಆಮೇಲೆ. ನಿಮಗೆ ಬೇಕಾದ ಪ್ರಶ್ನೆ ಮಾತ್ರ ಓದಿದ್ರೂ ಅರ್ಥ ಆಗತ್ತೆ.

## ಮೊದಲು ಬೇಸಿಕ್

ಒಂದೇ ಮಾತಲ್ಲಿ ಹೇಳಿಬಿಡಿ, ಮೈಲೇಜ್ ಯಾವುದ್ರಲ್ಲಿ ಜಾಸ್ತಿ?

ಚೆನ್ನಾಗಿ ಓಡಿಸೋರ ಕೈಲಿ ಮ್ಯಾನುಯಲ್ ಇವತ್ತಿಗೂ ಒಂದು ಕೈ ಮುಂದೆ. ಆದ್ರೆ "ಚೆನ್ನಾಗಿ ಓಡಿಸೋರು" ಅನ್ನೋದರ ಮೇಲೇ ಎಲ್ಲಾ ನಿಂತಿದೆ. ಮ್ಯಾನುಯಲ್ ಗೇರ್‌ಬಾಕ್ಸ್ ನಿಮಗೆ ಉಳಿಸೋ ಅವಕಾಶ ಕೊಡತ್ತೆ ಅಷ್ಟೇ, ಉಳಿಸೋದು ನಿಮ್ಮ ಎಡಗಾಲು ಬಲಗಾಲು. ದಿನಾ ಸೆಕೆಂಡ್ ಗೇರಲ್ಲಿ ಎಂಜಿನ್ ಕಿರುಚಿಸ್ಕೊಂಡು ಹೋಗೋರಿಗಿಂತ ಒಂದು ಸಾಧಾರಣ ಆಟೋಮ್ಯಾಟಿಕ್ ಕಡಿಮೆ ಕುಡಿಯತ್ತೆ, ಇದ್ರಲ್ಲಿ ನನಗೆ ಯಾವ ಡೌಟೂ ಇಲ್ಲ. ಆಟೋಮ್ಯಾಟಿಕ್ಕಲ್ಲೂ ಯಾವ ಥರದ್ದು ಅನ್ನೋದು ಮುಖ್ಯ, ಅದನ್ನ ಕೆಳಗೆ ನೋಡಿ.

ಆಟೋಮ್ಯಾಟಿಕ್ ಅಂದ್ರೆ ಎಲ್ಲಾ ಒಂದೇ ಅಲ್ವಾ? ಎಎಂಟಿ ಸಿವಿಟಿ ಅಂತೆಲ್ಲಾ ಯಾಕೆ ತಲೆ ತಿಂತಾರೆ?

ಒಂದೇ ಅಲ್ಲ, ಅದಕ್ಕೇ ತಲೆ ತಿನ್ನೋದು. ಚಿಕ್ಕ ಕಾರಲ್ಲಿ ನಾಲ್ಕು ಥರ ಸಿಗತ್ತೆ. ಎಎಂಟಿ ಅಂದ್ರೆ ಒಳಗೆ ಪಕ್ಕಾ ಮ್ಯಾನುಯಲ್ ಗೇರ್‌ಬಾಕ್ಸೇ ಇರತ್ತೆ, ಅದೇ ಕ್ಲಚ್ಚು ಅದೇ ಹಲ್ಲಿನ ಚಕ್ರಗಳು, ಕ್ಲಚ್ ಒತ್ತೋ ಕೆಲಸ ಗೇರ್ ಹಾಕೋ ಕೆಲಸ ಮಾತ್ರ ಒಂದು ಪುಟ್ಟ ಮೋಟರ್ರೋ ಹೈಡ್ರಾಲಿಕ್ ಯೂನಿಟ್ಟೋ ಮಾಡತ್ತೆ. ಸಿವಿಟಿಯಲ್ಲಿ ಗೇರೇ ಇಲ್ಲ, ಎರಡು ಪುಲ್ಲಿ ನಡುವೆ ಒಂದು ಸ್ಟೀಲ್ ಬೆಲ್ಟು. ಟಾರ್ಕ್ ಕನ್ವರ್ಟರ್ ಅನ್ನೋದು ಹಳೇ ಕಾಲದಿಂದ ಬಂದಿರೋ ಆಟೋಮ್ಯಾಟಿಕ್, ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ಮಧ್ಯೆ ಆಯಿಲ್ ತುಂಬಿದ ಕನ್ವರ್ಟರ್ ಕೂತಿರತ್ತೆ. ಡಿಸಿಟಿಯಲ್ಲಿ ಎರಡು ಕ್ಲಚ್, ಒಂದು ಗೇರ್ ಓಡ್ತಿರೋವಾಗ್ಲೇ ಮುಂದಿನ ಗೇರ್ ರೆಡಿಯಾಗಿ ಕಾಯ್ತಿರತ್ತೆ. ಮೈಲೇಜ್ ದೃಷ್ಟಿಯಿಂದ ಮ್ಯಾನುಯಲ್‌ಗೆ ತೀರಾ ಹತ್ತಿರ ಇರೋದು ಎಎಂಟಿ, ಯಾಕಂದ್ರೆ ಅದು ಮ್ಯಾನುಯಲ್ಲೇ.

ಆಟೋಮ್ಯಾಟಿಕ್ ಪೆಟ್ರೋಲ್ ಕುಡಿಯತ್ತೆ ಅಂತ ಅಪ್ಪ ಹಠ ಹಿಡಿದಿದಾರೆ, ಅವರು ಹೇಳೋದು ಸುಳ್ಳಾ?

ಅವರ ಕಾಲಕ್ಕೆ ಅದು ನಿಜವೇ, ಜಗಳ ಆಡಬೇಡಿ. ಗೇರ್ ತಾನೇ ಬದಲಾಯಿಸೋ ಕಾರು ದೊಡ್ಡ ಸಂಖ್ಯೆಯಲ್ಲಿ ಮಾರಾಟಕ್ಕೆ ಬಂದಿದ್ದು 1940ರ ಮಾಡೆಲ್ ಓಲ್ಡ್ಸ್‌ಮೊಬೈಲ್‌ನಲ್ಲಿ, ಹೈಡ್ರಾಮ್ಯಾಟಿಕ್ ಅನ್ನೋ ಹೆಸರಲ್ಲಿ. ಆಮೇಲೆ ಎಷ್ಟೋ ದಶಕ ಬಹಳಷ್ಟು ಆಟೋಮ್ಯಾಟಿಕ್‌ಗಳಲ್ಲಿ ಇದ್ದಿದ್ದೇ ಮೂರೋ ನಾಲ್ಕೋ ಗೇರು, ಎಂಜಿನ್ ಶಕ್ತಿ ಆಯಿಲ್ ಮೂಲಕ ದಾಟಿ ಹೋಗ್ಬೇಕಿತ್ತು. ಎರಡು ಫ್ಯಾನ್ ಎದುರುಬದುರು ಇಟ್ಟು ಒಂದನ್ನ ಆನ್ ಮಾಡಿದ್ರೆ ಇನ್ನೊಂದು ಗಾಳಿಗೆ ತಿರುಗತ್ತಲ್ಲ, ಹಾಗೆ, ಆದ್ರೆ ಎರಡನೇದು ಮೊದಲನೇದಕ್ಕಿಂತ ಯಾವಾಗ್ಲೂ ಒಂಚೂರು ನಿಧಾನ. ಆ ಒಂಚೂರು ಅಷ್ಟೂ ಶಾಖವಾಗಿ ಆಯಿಲ್‌ನಲ್ಲೇ ಹೋಗತ್ತೆ. ಇದನ್ನ ತಪ್ಪಿಸೋಕೆ ಲಾಕಪ್ ಕ್ಲಚ್ ಅಂತ ಇದೆ, ಒಂದು ವೇಗ ಬಂದ್ಮೇಲೆ ಎರಡೂ ಕಡೆನ ಗಟ್ಟಿಯಾಗಿ ಹಿಡ್ಕೊಂಡುಬಿಡತ್ತೆ, ಜಾರೋದೇ ಇಲ್ಲ. 1949ರಲ್ಲೇ ಪ್ಯಾಕರ್ಡ್ ಕಂಪನಿ ತನ್ನ ಕಾರಲ್ಲಿ ಇದನ್ನ ಇಟ್ಟಿತ್ತು, ಆದ್ರೆ ಎಲ್ಲಾ ಕಡೆ ಬಂದಿದ್ದು 70ರ ದಶಕದ ಕೊನೆಯಿಂದ ಈಚೆಗೆ. ಈಗಿನ ಗಾಡಿಗಳಲ್ಲಿ ಲಾಕಪ್ ಬಹಳ ಬೇಗ ಆಗತ್ತೆ, ಗೇರೂ ಜಾಸ್ತಿ.

ಪೆಟ್ರೋಲ್ ಕುಡಿಯೋದು ಎಂಜಿನ್ ತಾನೇ, ಗೇರ್‌ಬಾಕ್ಸ್‌ಗೂ ಮೈಲೇಜ್‌ಗೂ ಏನ್ ಸಂಬಂಧ?

ಇದನ್ನ ಅರ್ಥ ಮಾಡ್ಕೊಂಡ್ರೆ ಉಳಿದದ್ದೆಲ್ಲಾ ತಾನಾಗೇ ಅರ್ಥ ಆಗತ್ತೆ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ. ಸುಮಾರು ಒಂದು ಟನ್ ತೂಕದ ಚಿಕ್ಕ ಕಾರು ಸಮತಟ್ಟಾದ ರಸ್ತೆಯಲ್ಲಿ 60ರ ಸ್ಪೀಡಲ್ಲಿ ಒಂದೇ ಸಮ ಹೋಗೋಕೆ ಬೇಕಾಗೋ ಶಕ್ತಿ 5-6 ಹಾರ್ಸ್‌ಪವರ್ ಅಷ್ಟೇ. ಬಾನೆಟ್ ಕೆಳಗೆ ಇರೋ ಎಂಜಿನ್ 70-80 ಹಾರ್ಸ್‌ಪವರ್‌ದು. ಅಂದ್ರೆ ಎಂಜಿನ್ ಹೆಚ್ಚು ಕಮ್ಮಿ ಸುಮ್ಮನೆ ಕೂತಿದೆ, ಮತ್ತೆ ಪೆಟ್ರೋಲ್ ಎಂಜಿನ್‌ಗೆ ಸುಮ್ಮನೆ ಕೂರೋದೇ ದುಬಾರಿ. ಯಾಕೆ ಅಂದ್ರೆ ನೀವು ಆಕ್ಸಿಲರೇಟರ್ ಕಮ್ಮಿ ಒತ್ತಿದಾಗ ಗಾಳಿ ಹೋಗೋ ದಾರೀಲಿರೋ ಥ್ರಾಟಲ್ ಬಾಗಿಲು ಅರ್ಧಂಬರ್ಧ ಮುಚ್ಚಿರತ್ತೆ, ಪಿಸ್ಟನ್‌ಗಳು ಆ ಸಣ್ಣ ಸಂದಿಯಿಂದ ಗಾಳಿ ಎಳ್ಕೊಳ್ಳೋಕೆ ಒದ್ದಾಡತ್ತೆ, ಆ ಒದ್ದಾಟಕ್ಕೂ ಪೆಟ್ರೋಲ್ ಬೇಕು. ಜೊತೆಗೆ ಎಂಜಿನ್ ಎಷ್ಟು ಸುತ್ತು ತಿರುಗತ್ತೋ ಅಷ್ಟು ಉಜ್ಜಾಟ.

ಈಗ ಅದೇ 60ರ ಸ್ಪೀಡನ್ನ ಥರ್ಡ್ ಗೇರಲ್ಲಿ ಹೋದ್ರೆ ಎಂಜಿನ್ ಸುತ್ತು ಜಾಸ್ತಿ, ಬಾಗಿಲು ಇನ್ನಷ್ಟು ಮುಚ್ಚಿರತ್ತೆ. ಟಾಪ್ ಗೇರಲ್ಲಿ ಹೋದ್ರೆ ಸುತ್ತು ಕಮ್ಮಿ, ಅದೇ ಶಕ್ತಿ ಕೊಡೋಕೆ ಬಾಗಿಲು ಜಾಸ್ತಿ ತೆರೀಬೇಕು, ಎಂಜಿನ್ ಸಲೀಸಾಗಿ ಉಸಿರಾಡತ್ತೆ. ಒಳ್ಳೇ ಪೆಟ್ರೋಲ್ ಎಂಜಿನ್ನು ತನಗೆ ಒಗ್ಗೋ ಜಾಗದಲ್ಲಿ ಕೆಲಸ ಮಾಡಿದ್ರೆ ಪೆಟ್ರೋಲಲ್ಲಿರೋ ಶಕ್ತೀಲಿ 35 ಪರ್ಸೆಂಟ್ ಆಸುಪಾಸು ಕೆಲಸಕ್ಕೆ ಬರತ್ತೆ, ಹಗುರ ಲೋಡಲ್ಲಿ ಜಾಸ್ತಿ ಸುತ್ತಿಸಿದ್ರೆ ಅದರ ಅರ್ಧಕ್ಕೆ ಇಳಿಯೋದು ಮಾಮೂಲು. ಎಂಜಿನ್‌ನ ಆ ಒಗ್ಗೋ ಜಾಗದ ಹತ್ತಿರ ಇಡೋದೇ ಗೇರ್‌ಬಾಕ್ಸ್ ಕೆಲಸ. ಮ್ಯಾನುಯಲ್ಲಲ್ಲಿ ಆ ತೀರ್ಮಾನ ನಿಮ್ಮದು, ಆಟೋಮ್ಯಾಟಿಕ್ಕಲ್ಲಿ ಕಂಪ್ಯೂಟರ್‌ದು. ಇನ್ನೊಂದು ಲೆಕ್ಕ ಗೇರ್‌ಬಾಕ್ಸ್ ತಾನೇ ಎಷ್ಟು ತಿಂತದೆ ಅನ್ನೋದು. ಮ್ಯಾನುಯಲ್ ತಿನ್ನೋದು ತುಂಬಾ ಕಮ್ಮಿ, ಬಂದಿದ್ದ ಶಕ್ತೀಲಿ 95 ಪರ್ಸೆಂಟ್ ಆಸುಪಾಸು ಮುಂದಕ್ಕೆ ಕೊಡತ್ತೆ. ಟಾರ್ಕ್ ಕನ್ವರ್ಟರ್ ಮತ್ತು ಸಿವಿಟಿಯಲ್ಲಿ ಆಯಿಲ್ ಪಂಪ್ ತಿರುಗಿಸೋ ಖರ್ಚು ಬೇರೆ ಇರತ್ತೆ. ಹಾಗಾಗಿ ಯಾವ ಗೇರ್‌ಬಾಕ್ಸ್ ಮೈಲೇಜೂ ಈ ಎರಡರ ಮೊತ್ತ: ಎಂಜಿನ್‌ನ ಎಲ್ಲಿ ಇಡತ್ತೆ, ತಾನು ಎಷ್ಟು ತಿನ್ನತ್ತೆ.

## ದಿನಾ ಓಡಿಸೋವಾಗ

ಟ್ರಾಫಿಕ್‌ನಲ್ಲೇ ಬದುಕು ನಮ್ದು, ನಿಂತು ನಿಂತು ಹೋಗೋ ರೋಡಲ್ಲಿ ಯಾವ್ದು ಒಳ್ಳೇದು?

ಬರೀ ಪೆಟ್ರೋಲ್ ಲೆಕ್ಕ ಹಾಕಿದ್ರೆ ಮ್ಯಾನುಯಲ್ ಅಥವಾ ಎಎಂಟಿ. ಕಡಿಮೆ ಸ್ಪೀಡಲ್ಲಿ ಟಾರ್ಕ್ ಕನ್ವರ್ಟರ್ ಲಾಕ್ ಆಗಲ್ಲ, ಪ್ರತಿ ಸಲ ಹೊರಡೋವಾಗ್ಲೂ ಜಾರಾಟ ಇರತ್ತೆ. ಸಿವಿಟಿ ಸ್ವಲ್ಪ ಪರವಾಗಿಲ್ಲ. ಆದ್ರೆ ಒಂದು ಮಾತು ಪ್ರಾಮಾಣಿಕವಾಗಿ ಹೇಳ್ಬೇಕು, ಒಂದು ಗಂಟೆ ಬಂಪರ್ ಟು ಬಂಪರ್ ಹೋದ್ಮೇಲೆ ಮ್ಯಾನುಯಲ್ ಓಡಿಸೋ ನಮಗೆ ಎಡಗಾಲು ಸೋತು ಹೋಗಿರತ್ತೆ, ಗೇರ್ ಬದಲಾಯಿಸೋಕೆ ಬೇಜಾರಾಗಿ ಸೆಕೆಂಡಲ್ಲೇ ಎಳೀತೀವಿ, ಹಾಫ್ ಕ್ಲಚ್‌ನಲ್ಲೇ ತೆವಳ್ತೀವಿ, ಥರ್ಡ್‌ಗೆ ಹಾಕೋ ಅಷ್ಟು ಜಾಗ ಸಿಕ್ಕಿದ್ರೂ ಹಾಕಲ್ಲ. ಕಂಪ್ಯೂಟರ್‌ಗೆ ಸುಸ್ತಾಗಲ್ಲ. ಸಂಜೆ ಏಳು ಗಂಟೆಗೂ ಬೆಳಿಗ್ಗೆ ಏಳಕ್ಕೆ ಬದಲಾಯಿಸಿದ ಹಾಗೇ ಗೇರ್ ಬದಲಾಯಿಸತ್ತೆ. ನನ್ನ ಅನುಭವದಲ್ಲಿ ಗಟ್ಟಿ ಟ್ರಾಫಿಕ್‌ನಲ್ಲಿ ಮೈಲೇಜ್‌ನ ಗೇರ್‌ಬಾಕ್ಸ್‌ಗಿಂತ ಜಾಸ್ತಿ ಬದಲಾಯಿಸೋದು ಮುಂದಿನ ಗಾಡಿಗೆ ನೀವು ಬಿಡೋ ಅಂತರ. ಹತ್ತು ಅಡಿ ಜಾಗ ಸಿಕ್ಕಿದ ಕೂಡ್ಲೇ ನುಗ್ಗಿ ಬ್ರೇಕ್ ಹಾಕೋದಿದೆಯಲ್ಲ, ಆ ಪ್ರತಿ ಬ್ರೇಕೂ ಆಗ್ಲೇ ಸುಟ್ಟಿರೋ ಪೆಟ್ರೋಲನ್ನ ಬ್ರೇಕ್ ಪ್ಯಾಡಲ್ಲಿ ಶಾಖ ಮಾಡಿ ಬಿಸಾಕೋದು.

ಹೈವೇ ಮೇಲೆ ಎರಡೂ ಒಂದೇನಾ?

ಹೆಚ್ಚು ಕಮ್ಮಿ ಒಂದೇ, ಕೆಲವು ಸಲ ಆಟೋಮ್ಯಾಟಿಕ್ಕೇ ಮುಂದೆ. ಚಿಕ್ಕ ಕಾರಿನ ಐದು ಗೇರಿನ ಮ್ಯಾನುಯಲ್ಲಲ್ಲಿ ಟಾಪ್ ಗೇರನ್ನ ಸ್ವಲ್ಪ ಗಿಡ್ಡ ಇಟ್ಟಿರ್ತಾರೆ, ಅಂದ್ರೆ ಅದೇ ಸ್ಪೀಡಿಗೆ ಎಂಜಿನ್ ಜಾಸ್ತಿ ಸುತ್ತೋ ಹಾಗೆ, ಓವರ್‌ಟೇಕ್‌ಗೆ ಗೇರ್ ಇಳಿಸೋ ಕಷ್ಟ ಬೇಡ ಅಂತ. ಅದ್ರಿಂದ 100ರ ಸ್ಪೀಡಲ್ಲಿ ಮೀಟರ್ ಮುಳ್ಳು 3000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗೋ ಸುತ್ತು) ಹತ್ತಿರ ಆಡ್ತಿರೋದು ಸಾಮಾನ್ಯ. ಅದೇ ಎಂಜಿನ್‌ಗೆ ಸಿವಿಟಿ ಹಾಕಿದ್ರೆ ಮುಳ್ಳು ಅದಕ್ಕಿಂತ ಎಷ್ಟೋ ಕೆಳಗೆ ನಿಲ್ಲತ್ತೆ. ಟೆಸ್ಟ್ ಡ್ರೈವ್‌ಗೆ ಹೋದಾಗ ಬೇರೆ ಏನು ನೋಡದಿದ್ರೂ ಪರವಾಗಿಲ್ಲ, ಇದೊಂದನ್ನ ನೋಡ್ಕೊಂಡು ಬನ್ನಿ. ಮತ್ತೆ ಸ್ಪೀಡ್ ವಿಷಯ: 60ಕ್ಕೆ 5-6 ಹಾರ್ಸ್‌ಪವರ್ ಸಾಕಾಗೋ ಕಾರಿಗೆ 100ಕ್ಕೆ 16ರ ಹತ್ತಿರ ಬೇಕು, ಗಾಳಿ ತಡೆಯೋದು ಸ್ಪೀಡಿನ ವರ್ಗದಷ್ಟು ಏರತ್ತೆ. ಹೈವೇನಲ್ಲಿ 110ರಿಂದ 90ಕ್ಕೆ ಇಳಿದ್ರೆ ಉಳಿಯೋ ಅಷ್ಟು ಯಾವ ಗೇರ್‌ಬಾಕ್ಸ್ ಬದಲಾಯಿಸಿದ್ರೂ ಉಳಿಯಲ್ಲ.

ಇಳಿಜಾರಲ್ಲಿ ನ್ಯೂಟ್ರಲ್‌ಗೆ ಹಾಕಿ ಬಿಟ್ರೆ ಪೆಟ್ರೋಲ್ ಉಳಿಯತ್ತಲ್ವಾ?

ದಯವಿಟ್ಟು ಹಾಗೆ ಮಾಡಬೇಡಿ. ಕಾರ್ಬುರೇಟರ್ (ಕಂಪ್ಯೂಟರ್ ಇಲ್ಲದೆ ಗಾಳಿಗೆ ಪೆಟ್ರೋಲ್ ಬೆರೆಸ್ತಿದ್ದ ಹಳೇ ಸಾಧನ) ಕಾಲದ ಬುದ್ಧಿ ಅದು. ಈಗಿನ ಇಂಜೆಕ್ಷನ್ ಕಾರಲ್ಲಿ ಗೇರಲ್ಲಿ ಇದ್ದು ಆಕ್ಸಿಲರೇಟರ್‌ನಿಂದ ಕಾಲು ಪೂರ್ತಿ ತೆಗೆದ್ರೆ ಕಂಪ್ಯೂಟರ್ ಪೆಟ್ರೋಲ್ ಪೂರ್ತಿ ನಿಲ್ಲಿಸಿಬಿಡತ್ತೆ, ಚಕ್ರಗಳೇ ಎಂಜಿನ್‌ನ ತಿರುಗಿಸ್ತಿರತ್ತೆ. ನ್ಯೂಟ್ರಲ್‌ಗೆ ಹಾಕಿದ್ರೆ ಎಂಜಿನ್ ತನ್ನ ಜೀವ ತಾನು ಹಿಡ್ಕೋಬೇಕು, ಐಡಲ್‌ನಲ್ಲಿ ಪೆಟ್ರೋಲ್ ಸುಡ್ತಾನೇ ಇರತ್ತೆ. ಕಾರಲ್ಲಿ ತಕ್ಷಣದ ಮೈಲೇಜ್ ತೋರಿಸೋ ಡಿಸ್‌ಪ್ಲೇ ಇದ್ರೆ ನೀವೇ ನೋಡಬಹುದು, ಗೇರಲ್ಲಿ ಇಳಿಯೋವಾಗ ಪಟ್ಟಿ ಅಂಚಿಗೆ ಹೋಗಿ ಅಂಟ್ಕೊಳ್ಳತ್ತೆ. ಅದಕ್ಕಿಂತ ಮುಖ್ಯ, ಉದ್ದ ಇಳಿಜಾರಲ್ಲಿ ಎಂಜಿನ್ ಹಿಡಿತ ಇಲ್ದೆ ಬರೀ ಬ್ರೇಕ್ ಮೇಲೆ ಇಳಿದ್ರೆ ಬ್ರೇಕ್ ಕಾದು ಹಿಡಿಯೋದೇ ನಿಂತುಹೋಗಬಹುದು. ಆಟೋಮ್ಯಾಟಿಕ್ ಆದ್ರೂ ಇದೇ ಮಾತು, ಡಿ (ಡ್ರೈವ್) ಅಥವಾ ಎಲ್ (ಲೋ, ಅಂದ್ರೆ ಕೆಳಗಿನ ಗೇರ್) ಇದ್ರೆ ಅದ್ರಲ್ಲಿ ಇಳೀರಿ.

ಸಿಗ್ನಲ್ಲಲ್ಲಿ ಡಿ ನಲ್ಲೇ ಬ್ರೇಕ್ ಒತ್ಕೊಂಡು ನಿಲ್ಲಬೇಕಾ, ಎನ್‌ಗೆ (ನ್ಯೂಟ್ರಲ್) ಹಾಕ್ಬೇಕಾ?

ಟಾರ್ಕ್ ಕನ್ವರ್ಟರ್ ಕಾರಲ್ಲಿ ಒಂದು ಸಣ್ಣ ಪ್ರಯೋಗ ಮಾಡಿ. ಬ್ರೇಕ್ ಗಟ್ಟಿಯಾಗಿ ಒತ್ಕೊಂಡು ಎನ್‌ನಿಂದ ಡಿಗೆ ಹಾಕಿ, ಆರ್‌ಪಿಎಂ ಮುಳ್ಳನ್ನೇ ನೋಡ್ತಿರಿ. ಒಂದು ಕ್ಷಣ ಮುಳ್ಳು ಸ್ವಲ್ಪ ಕುಸಿಯತ್ತೆ, ಸೀಟಿಗೆ ಸಣ್ಣ ನಡುಕ ಬರತ್ತೆ. ಎಂಜಿನ್ ಮೇಲೆ ಭಾರ ಬಿತ್ತು ಅಂತ ಅರ್ಥ, ನಿಂತಿರೋ ಕಾರನ್ನ ಅದು ತಳ್ತಿದೆ, ನೀವು ಹಿಡ್ಕೊಂಡಿದೀರ. ಇದಕ್ಕೆ ಸ್ವಲ್ಪ ಜಾಸ್ತಿ ಪೆಟ್ರೋಲ್ ಹೋಗತ್ತೆ. ಹತ್ತು ಹದಿನೈದು ಸೆಕೆಂಡಿಗೆ ಇದರ ಚಿಂತೆ ಬೇಡ, ಡಿ ನಲ್ಲೇ ಇರಿ. ಒಂದು ನಿಮಿಷ ದಾಟೋ ಸಿಗ್ನಲ್ ಅಂತ ಗೊತ್ತಿದ್ರೆ ಎನ್‌ಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳೀರಿ, ಇನ್ನೂ ಉದ್ದ ಆದ್ರೆ ಎಂಜಿನ್ನೇ ಆಫ್. ಕೆಲವು ಹೊಸ ಕಾರುಗಳಲ್ಲಿ ಬ್ರೇಕ್ ಒತ್ತಿದ್ರೆ ಗೇರ್‌ಬಾಕ್ಸ್ ತಾನೇ ಒಳಗಿಂದೊಳಗೆ ಬಿಡಿಸ್ಕೊಳ್ಳತ್ತೆ, ಆಟೋ ಸ್ಟಾರ್ಟ್ ಸ್ಟಾಪ್ ಇದ್ರೆ ಎಂಜಿನ್ನೇ ನಿಲ್ಲತ್ತೆ, ಅಂಥ ಕಡೆ ಡಿ ನಲ್ಲೇ ಬಿಟ್ಟುಬಿಡಿ. ಎಎಂಟಿಯಲ್ಲಿ ಬ್ರೇಕ್ ಒತ್ತಿ ನಿಂತಾಗ ಕ್ಲಚ್ ಒಳಗೇ ಬಿಡಿಸ್ಕೊಂಡಿರತ್ತೆ, ಎಂಜಿನ್ ಮೇಲೆ ಆ ಭಾರ ಇರಲ್ಲ.

ಏರುದಾರೀಲಿ ಎಎಂಟಿ ಕಾರನ್ನ ಆಕ್ಸಿಲರೇಟರ್ ಮೇಲೇ ಹಿಡಿದು ನಿಲ್ಲಿಸಬಹುದಾ?

ಬೇಡವೇ ಬೇಡ. ಕಾಲಡಿ ಕ್ಲಚ್ ಪೆಡಲ್ ಇಲ್ಲ ಅಂದ ಮಾತ್ರಕ್ಕೆ ಕ್ಲಚ್ಚೇ ಇಲ್ಲ ಅಂತಲ್ಲ, ಒಳಗೆ ಅದು ಹಾಫ್ ಕ್ಲಚ್‌ನಲ್ಲಿ ಉಜ್ಜಿ ಉಜ್ಜಿ ಸುಡ್ತಿರತ್ತೆ. ನನ್ನ ಪರಿಚಯದವರೊಬ್ಬರು ಹೀಗೇ ಮಾಡಿ, ಸುಟ್ಟ ವಾಸನೆ ಎದುರಿನ ಲಾರೀದು ಅಂದ್ಕೊಂಡು ಎಷ್ಟೋ ದಿನ ಓಡಿಸಿದ್ರು, ಕೊನೆಗೆ ಕ್ಲಚ್ ಪ್ಲೇಟ್ ಬದಲಾಯಿಸಬೇಕಾಯ್ತು. ಬ್ರೇಕ್ ಹಿಡೀರಿ, ಹ್ಯಾಂಡ್‌ಬ್ರೇಕ್ ಎಳೀರಿ.

ಎಸಿ ಹಾಕಿದ್ರೆ ಆಟೋಮ್ಯಾಟಿಕ್‌ಗೆ ಜಾಸ್ತಿ ಹೊಡೆತ ಅಂತಾರೆ?

ಎಸಿ ಕಂಪ್ರೆಸರ್ ಎಳೆಯೋದು ಎಂಜಿನ್‌ನಿಂದ, ಗೇರ್‌ಬಾಕ್ಸ್ ಯಾವ್ದಾದ್ರೂ ಖರ್ಚು ಅಷ್ಟೇ.

ಮ್ಯಾನುಯಲ್ಲಲ್ಲಿ ಗೇರ್ ಯಾವಾಗ ಬದಲಾಯಿಸಿದ್ರೆ ಮೈಲೇಜ್ ಬರತ್ತೆ?

ಟರ್ಬೋ ಇಲ್ಲದ ಚಿಕ್ಕ ಪೆಟ್ರೋಲ್ ಎಂಜಿನ್‌ಗೆ ಸಮತಟ್ಟು ರಸ್ತೇಲಿ 2000ದಿಂದ 2500 ಆರ್‌ಪಿಎಂ ಒಳಗೆ ಮೇಲಿನ ಗೇರ್‌ಗೆ ಹಾಕಿ, ಡೀಸೆಲ್ ಆದ್ರೆ ಇನ್ನೂ ಸ್ವಲ್ಪ ಮುಂಚೆ. ಹಾಗಂತ 40ರ ಸ್ಪೀಡಲ್ಲಿ ಫಿಫ್ತ್ ಹಾಕಿ ಕಾಲು ನೆಲಕ್ಕೆ ಒತ್ತಬೇಡಿ, ಎಂಜಿನ್ ಗೊರಗೊರ ಅಂತ ನಡುಗಿದ್ರೆ ಅದು ಒದ್ದಾಡ್ತಿದೆ ಅಂತ ಅರ್ಥ, ಒಂದು ಗೇರ್ ಇಳಿಸಿ. ಮೀಟರ್‌ನಲ್ಲಿ ಮೇಲ್ಮುಖ ಬಾಣದ ಗುರುತು ಬರತ್ತಲ್ಲ, ಅದನ್ನ ಅಲಂಕಾರಕ್ಕೆ ಇಟ್ಟಿಲ್ಲ. ಯುರೋಪ್‌ನಲ್ಲಿ 2012ರಿಂದ ಹೊಸ ಮಾಡೆಲ್ ಮ್ಯಾನುಯಲ್ ಕಾರುಗಳಿಗೆ ಅದು ಕಡ್ಡಾಯ. ಒಂದು ವಾರ ಅದು ಹೇಳಿದ ಹಾಗೆ ಕೇಳಿ ನೋಡಿ, ನಾವು ಎಷ್ಟು ತಡವಾಗಿ ಗೇರ್ ಬದಲಾಯಿಸ್ತಿದ್ವಿ ಅಂತ ಗೊತ್ತಾಗತ್ತೆ.

## ಲೆಕ್ಕಾಚಾರ

ಕಂಪನಿ ಪಟ್ಟೀಲಿ ಆಟೋಮ್ಯಾಟಿಕ್‌ಗೇ ಜಾಸ್ತಿ ಮೈಲೇಜ್ ಬರೆದಿದಾರೆ, ನಂಬಬಹುದಾ?

ಅಂಕಿ ಸುಳ್ಳಲ್ಲ, ಆದ್ರೆ ಅದು ಹೇಗೆ ಬಂತು ಅಂತ ತಿಳ್ಕೊಳ್ಳಿ. ಆ ಪರೀಕ್ಷೆ ನಡೆಯೋದು ಲ್ಯಾಬಲ್ಲಿ, ರೋಲರ್ ಮೇಲೆ, ಒಂದು ನಿಗದಿತ ಸ್ಪೀಡ್ ಪಟ್ಟಿ ಪ್ರಕಾರ. ಯುರೋಪ್‌ನ ಹಳೇ ಎನ್‌ಇಡಿಸಿ ಪರೀಕ್ಷೆಯಲ್ಲಿ ಮ್ಯಾನುಯಲ್ ಕಾರಿಗೆ ಯಾವ ಸ್ಪೀಡಿಗೆ ಯಾವ ಗೇರ್ ಅಂತ ರೂಲೇ ಇತ್ತು, 15ರವರೆಗೆ ಫಸ್ಟ್, 50ರವರೆಗೆ ಥರ್ಡ್, 70 ಮುಟ್ಟೋವರೆಗೆ ಫೋರ್ತ್, ಹೀಗೆ. ಎಂಜಿನ್‌ಗೆ 45ರಲ್ಲೇ ಫೋರ್ತ್ ಒಗ್ಗಿದ್ರೂ ಡ್ರೈವರ್ ಹಾಕೋ ಹಾಗಿಲ್ಲ. ಆಟೋಮ್ಯಾಟಿಕ್‌ಗೆ ಆ ಕಟ್ಟುಪಾಡು ಇರ್ಲಿಲ್ಲ, ತನ್ನ ಪಾಡಿಗೆ ತಾನು ಬೇಗ ಮೇಲಿನ ಗೇರ್‌ಗೆ ಹೋಗ್ತಿತ್ತು. ಪೇಪರ್ ಮೇಲೆ ಆಟೋಮ್ಯಾಟಿಕ್ ಗೆಲ್ಲೋಕೆ ಇದೂ ಒಂದು ಕಾರಣ. 2017ರಿಂದ ಬಂದ ಡಬ್ಲ್ಯುಎಲ್‌ಟಿಪಿ ಪರೀಕ್ಷೆಯಲ್ಲಿ ಮ್ಯಾನುಯಲ್ ಗೇರ್ ಪಾಯಿಂಟ್‌ಗಳನ್ನ ಆಯಾ ಕಾರಿನ ಎಂಜಿನ್, ತೂಕ, ಗೇರ್ ಅನುಪಾತ ನೋಡಿ ಲೆಕ್ಕ ಹಾಕ್ತಾರೆ, ಅದು ಎಷ್ಟೋ ನ್ಯಾಯ. ಎರಡು ಕಾರು ಹೋಲಿಸೋವಾಗ ಎರಡರ ಅಂಕಿಯೂ ಒಂದೇ ಪರೀಕ್ಷೇದಾ ಅಂತ ಮೊದಲು ನೋಡಿ.

ನನ್ನ ಕಾರಿನ ನಿಜವಾದ ಮೈಲೇಜ್ ನಾನೇ ಹೇಗೆ ತಿಳ್ಕೊಳ್ಳೋದು?

ಟ್ಯಾಂಕ್ ಟು ಟ್ಯಾಂಕ್. ಪಂಪಿನ ನಳಿಕೆ ತಾನಾಗೇ ಮೊದಲನೇ ಸಲ ಟಕ್ ಅಂತ ನಿಲ್ಲೋವರೆಗೆ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಕ್ಕಾಲು ಟ್ಯಾಂಕ್ ಖಾಲಿ ಆದ್ಮೇಲೆ, ಆದ್ರೆ ಅದೇ ಪಂಪಲ್ಲಿ, ಮತ್ತೆ ಮೊದಲನೇ ಟಕ್‌ವರೆಗೆ ತುಂಬಿಸಿ. 412 ಕಿ.ಮೀ. ಓಡಿದೆ, 25.8 ಲೀಟರ್ ಹಿಡೀತು ಅಂದ್ರೆ ಲೀಟರ್‌ಗೆ 15.97. ಒಂದು ಸಲದ ಲೆಕ್ಕ ನಂಬಬೇಡಿ, ನಾಲ್ಕೈದು ಟ್ಯಾಂಕಿನ ಕಿಲೋಮೀಟರ್ ಎಲ್ಲಾ ಕೂಡಿ, ಲೀಟರ್ ಎಲ್ಲಾ ಕೂಡಿ, ಆಮೇಲೆ ಭಾಗಿಸಿ. ಡ್ಯಾಶ್‌ಬೋರ್ಡ್ ತೋರಿಸೋ ಅಂಕಿ ಸಾಮಾನ್ಯವಾಗಿ ಸ್ವಲ್ಪ ಉದಾರವಾಗಿರತ್ತೆ. ಟೈರ್ ಗಾಳಿ ಪ್ರತಿ ಸಲ ಒಂದೇ ಇರ್ಲಿ, ಇಲ್ಲಾಂದ್ರೆ ಗೇರ್‌ಬಾಕ್ಸ್ ಬದಲು ಗಾಳಿಯನ್ನ ಅಳೆದ ಹಾಗಾಗತ್ತೆ.

ಲೀಟರ್‌ಗೆ ಒಂದೂವರೆ ಕಿಲೋಮೀಟರ್ ಕಮ್ಮಿ ಆದ್ರೆ ದೊಡ್ಡ ನಷ್ಟಾನಾ?

ಲೀಟರ್‌ನಲ್ಲಿ ನೋಡಿ, ಆಗ ಸತ್ಯ ಕಾಣತ್ತೆ. ತಿಂಗಳಿಗೆ 1000 ಕಿ.ಮೀ. ಓಡಿಸ್ತೀರ ಅಂತಿಟ್ಕೊಳ್ಳಿ. 18 ಕೊಡೋ ಕಾರಿಗೆ 55.6 ಲೀಟರ್, 16.5 ಕೊಡೋ ಕಾರಿಗೆ 60.6 ಲೀಟರ್. ತಿಂಗಳಿಗೆ 5 ಲೀಟರ್ ವ್ಯತ್ಯಾಸ. ಅದಕ್ಕೆ ನಿಮ್ಮ ರೇಟ್ ಗುಣಿಸಿ, ಆಟೋಮ್ಯಾಟಿಕ್‌ಗೆ ಮೊದಲೇ ಕೊಡೋ ಜಾಸ್ತಿ ದುಡ್ಡನ್ನೂ ಪಕ್ಕದಲ್ಲಿ ಇಟ್ಟು ನೋಡಿ. ಬಹಳ ಜನಕ್ಕೆ ಪೆಟ್ರೋಲ್‌ಗಿಂತ ಆ ಮೊದಲ ದುಡ್ಡೇ ದೊಡ್ಡದು. ಇನ್ನೊಂದು ಗಮನಿಸಿ, 10ರಿಂದ 12ಕ್ಕೆ ಏರಿದ್ರೆ ಸಾವಿರ ಕಿ.ಮೀ.ಗೆ ಉಳಿಯೋದು 16.7 ಲೀಟರ್, ಅದೇ 20ರಿಂದ 22ಕ್ಕೆ ಏರಿದ್ರೆ ಬರೀ 4.5. ಚಿಕ್ಕ ಕಾರುಗಳು ಆಗ್ಲೇ ಮೇಲಿನ ಅಂಕೀಲಿ ಇರೋದ್ರಿಂದ ಒಂದೆರಡು ಕಿಲೋಮೀಟರ್‌ಗೆ ನಿದ್ದೆ ಕೆಡಿಸ್ಕೋಬೇಡಿ.

## ಸ್ವಲ್ಪ ಆಳಕ್ಕೆ

ಸಿವಿಟಿ ಕಾಲು ಒತ್ತಿದ್ರೆ ಎಂಜಿನ್ ಕೂಗತ್ತೆ, ಗಾಡಿ ಆಮೇಲೆ ಓಡತ್ತೆ. ಪೆಟ್ರೋಲ್ ವೇಸ್ಟ್ ಆಗ್ತಿದೆಯಾ?

ಜೋರಾಗಿ ಒತ್ತಿದಾಗ ಹೌದು, ಮೆಲ್ಲಗೆ ಒತ್ತಿದಾಗ ಇಲ್ಲ. ಸಿವಿಟಿಗೆ ಮೆಟ್ಟಿಲಿಲ್ಲ, ಇಳಿಜಾರು ಹಲಗೆ ಥರ. ಪೂರ್ತಿ ಶಕ್ತಿ ಕೇಳಿದ್ರೆ ಎಂಜಿನ್‌ನ ಒಂದೇ ಸಲ ಜಾಸ್ತಿ ಸುತ್ತಿಗೆ ಏರಿಸಿ ಅಲ್ಲೇ ಹಿಡಿದು, ಪುಲ್ಲಿ ಅಗಲ ಬದಲಾಯಿಸ್ತಾ ಗಾಡಿ ವೇಗ ಏರಿಸತ್ತೆ, ಅದಕ್ಕೇ ಶಬ್ದಕ್ಕೂ ವೇಗಕ್ಕೂ ತಾಳ ತಪ್ಪಿದ ಹಾಗೆ ಅನ್ಸತ್ತೆ. ಮೆಲ್ಲಗೆ ಓಡಿಸಿದ್ರೆ ಇದೇ ಗುಣ ವರ, ಎಂಜಿನ್‌ನ ಅದಕ್ಕೆ ಒಗ್ಗೋ ಕಡಿಮೆ ಸುತ್ತಲ್ಲೇ ಇಡೋಕೆ ಇದಕ್ಕಿಂತ ಒಳ್ಳೇ ಗೇರ್‌ಬಾಕ್ಸ್ ಇಲ್ಲ. ಈ ಐಡಿಯಾ ದೊಡ್ಡ ಸಂಖ್ಯೆಯಲ್ಲಿ ಮಾರಾಟಕ್ಕೆ ಬಂದಿದ್ದೂ ಚಿಕ್ಕ ಕಾರಲ್ಲೇ, 1958ರಲ್ಲಿ ನೆದರ್‌ಲ್ಯಾಂಡ್ಸ್‌ನ ಡಾಫ್ ಕಂಪನಿ ತನ್ನ 600 ಅನ್ನೋ ಪುಟ್ಟ ಕಾರಲ್ಲಿ ರಬ್ಬರ್ ಬೆಲ್ಟ್ ಹಾಕಿ ತಂತು. ಈಗಿನದ್ದು ನೂರಾರು ಸಣ್ಣ ಸ್ಟೀಲ್ ತುಂಡು ಪೋಣಿಸಿರೋ ಬೆಲ್ಟ್. ಅದು ಜಾರದ ಹಾಗೆ ಪುಲ್ಲಿಗಳು ಭಾರೀ ಒತ್ತಡದಲ್ಲಿ ಅದನ್ನ ಅದುಮಿ ಹಿಡೀಬೇಕು, ಆ ಒತ್ತಡ ಕೊಡೋ ಪಂಪಿಗೇ ಉಳಿಸಿದ್ದರಲ್ಲಿ ಸ್ವಲ್ಪ ಹೋಗಿಬಿಡತ್ತೆ.

ಡಿಸಿಟಿಯಲ್ಲಿ ಡ್ರೈ ಕ್ಲಚ್ ವೆಟ್ ಕ್ಲಚ್ ಅಂತಾರಲ್ಲ, ಮೈಲೇಜ್‌ಗೆ ಯಾವ್ದು?

ಡ್ರೈ. ವೆಟ್ ಕ್ಲಚ್ ಆಯಿಲ್‌ನಲ್ಲಿ ಮುಳುಗಿರತ್ತೆ, ಆಯಿಲ್ ಕಡೆಯೋದಕ್ಕೂ ಪಂಪಿಗೂ ಖರ್ಚಿದೆ. ಆದ್ರೆ ಟ್ರಾಫಿಕ್‌ನಲ್ಲಿ ತೆವಳ್ತಾ ಹೋಗೋರಿಗೆ ಡ್ರೈ ಕ್ಲಚ್ ಬೇಗ ಕಾಯತ್ತೆ. ಅಂಥವರಿಗೆ ಸ್ವಲ್ಪ ಮೈಲೇಜ್ ಹೋದ್ರೂ ವೆಟ್ಟೇ ವಾಸಿ ಅಂತ ನನ್ನ ಅಭಿಪ್ರಾಯ.

ಗೇರ್ ಜಾಸ್ತಿ ಇದ್ದಷ್ಟೂ ಮೈಲೇಜ್ ಜಾಸ್ತಿನಾ?

ಸಂಖ್ಯೆಗಿಂತ ಹರಹು ಮುಖ್ಯ, ಅಂದ್ರೆ ಫಸ್ಟ್ ಗೇರ್‌ಗೂ ಟಾಪ್ ಗೇರ್‌ಗೂ ನಡುವಿನ ಅಂತರ. ಆರನೇ ಗೇರ್ ಉದ್ದ ಇದ್ದು ಹೈವೇಲಿ ಸುತ್ತು ಕಮ್ಮಿ ಮಾಡಿದ್ರೆ ಲಾಭ. ಅದೇ ಹರಹನ್ನ ಐದರ ಬದಲು ಆರು ತುಂಡು ಮಾಡಿದ್ರೆ ಪಿಕಪ್ ಸಲೀಸಾಗಬಹುದು, ಪೆಟ್ರೋಲ್ ಅಷ್ಟೇನೂ ಉಳಿಯಲ್ಲ.

ಹೈಬ್ರಿಡ್ (ಎಂಜಿನ್ ಜೊತೆ ಎಲೆಕ್ಟ್ರಿಕ್ ಮೋಟರೂ ಇರೋ) ಕಾರ್‌ಗಳಲ್ಲಿ ಮ್ಯಾನುಯಲ್ ಯಾಕೆ ಕಾಣಲ್ಲ?

ಇತ್ತು. 1999ರಲ್ಲಿ ಬಂದ ಮೊದಲ ಹೋಂಡಾ ಇನ್‌ಸೈಟ್‌ನಲ್ಲಿ ಐದು ಗೇರಿನ ಮ್ಯಾನುಯಲ್ ಇತ್ತು. ಆದ್ರೆ ಹೈಬ್ರಿಡ್ ಉಳಿಸೋದೇ ಎಂಜಿನ್ ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು, ಎಷ್ಟು ಸುತ್ತಬೇಕು ಅಂತ ಕ್ಷಣ ಕ್ಷಣಕ್ಕೂ ತೀರ್ಮಾನ ಮಾಡೋದ್ರಿಂದ, ಆ ತೀರ್ಮಾನ ನಮ್ಮ ಕೈಗೆ ಕೊಟ್ರೆ ಅರ್ಧ ಲಾಭ ಹೋಗತ್ತೆ. 1997ರ ಟೊಯೊಟಾ ಪ್ರಿಯಸ್‌ನಲ್ಲಿ ಎಂಜಿನ್ನನ್ನೂ ಎರಡು ಮೋಟರನ್ನೂ ಒಂದು ಪ್ಲಾನೆಟರಿ ಗೇರ್ ಸೆಟ್ಟಲ್ಲಿ (ನಡುವಿನ ಹಲ್ಲಿನ ಚಕ್ರದ ಸುತ್ತ ಪುಟ್ಟ ಚಕ್ರಗಳು ತಿರುಗೋ ಜೋಡಣೆ) ಸೇರಿಸಿದ್ರು, ಅಲ್ಲಿ ಮ್ಯಾನುಯಲ್‌ಗೆ ಜಾಗವೇ ಇಲ್ಲ.

ಮೊದಲು ಬರ್ತಿದ್ದ ಮೈಲೇಜ್ ಈಗ ಬರ್ತಿಲ್ಲ, ಗೇರ್‌ಬಾಕ್ಸ್ ಹೋಯ್ತಾ ಅಂತ ಹೇಗೆ ಗೊತ್ತಾಗತ್ತೆ?

ಮೊದಲು ಟೈರ್ ಗಾಳಿ, ಏರ್ ಫಿಲ್ಟರ್, ಬ್ರೇಕ್ ಹಿಡ್ಕೊಂಡಿದೆಯಾ ನೋಡಿ. ಒಂದಷ್ಟು ದೂರ ಹೋಗಿ ನಿಲ್ಲಿಸಿ ಚಕ್ರದ ಹತ್ತಿರ ಕೈ ತನ್ನಿ, ಮುಟ್ಟಬೇಡಿ, ಒಂದು ಚಕ್ರದ ಕಾವು ಮಾತ್ರ ಉಳಿದವಕ್ಕಿಂತ ಜಾಸ್ತಿ ಇದ್ರೆ ಅಲ್ಲಿ ಬ್ರೇಕ್ ಅಂಟಿದೆ. ಅದೆಲ್ಲಾ ಸರಿ ಇದ್ರೆ ಮ್ಯಾನುಯಲ್ ಅಥವಾ ಎಎಂಟಿಯಲ್ಲಿ ಕ್ಲಚ್ ಜಾರ್ತಿದೆಯಾ ನೋಡಿ: ಖಾಲಿ ರಸ್ತೇಲಿ 50ರ ಸ್ಪೀಡಲ್ಲಿ ಫೋರ್ತ್ ಗೇರಲ್ಲಿ ಹೋಗ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳೂ ಸ್ಪೀಡ್ ಮುಳ್ಳೂ ಜೊತೆಜೊತೆಗೆ ನಿಧಾನಕ್ಕೆ ಏರಬೇಕು. ಆರ್‌ಪಿಎಂ ಒಂದೇ ಜಿಗಿದು ಸ್ಪೀಡ್ ಅಲ್ಲೇ ಇದ್ರೆ ಕ್ಲಚ್ ಪ್ಲೇಟ್ ಸವೆದಿದೆ. ಎಎಂಟಿ ತಾನಾಗೇ ಗೇರ್ ಇಳಿಸಿ ಮೋಸ ಮಾಡದ ಹಾಗೆ ಮ್ಯಾನುಯಲ್ ಮೋಡ್‌ನಲ್ಲಿ ಈ ಪರೀಕ್ಷೆ ಮಾಡಿ, ಆಗ್ಲೂ ಅದು ಗೇರ್ ಇಳಿಸಿದ್ರೆ ಕಾಲು ಸ್ವಲ್ಪ ಕಮ್ಮಿ ಒತ್ತಿ ಇನ್ನೊಮ್ಮೆ ನೋಡಿ. ಸಿವಿಟಿ ಮತ್ತು ಟಾರ್ಕ್ ಕನ್ವರ್ಟರ್‌ನಲ್ಲಿ ಈ ಪರೀಕ್ಷೆ ನಡೆಯಲ್ಲ, ಅಲ್ಲಿ ಆಯಿಲ್ ನೋಡಿಸಬೇಕು, ಕಪ್ಪಾಗಿ ಸುಟ್ಟ ವಾಸನೆ ಬರ್ತಿದ್ರೆ ಬದಲಾಯಿಸೋ ಕಾಲ ದಾಟಿದೆ. ಸಿವಿಟಿಗೆ ಸಿವಿಟಿ ಆಯಿಲ್ಲೇ ಹಾಕ್ಬೇಕು, ಮಾಮೂಲು ಆಟೋಮ್ಯಾಟಿಕ್ ಆಯಿಲ್ ಹಾಕಿದ್ರೆ ಬೆಲ್ಟ್ ಜಾರಿ ಪುಲ್ಲಿ ಮೇಲೆ ಗೀರು ಬೀಳತ್ತೆ, ಹಾಕೋವಾಗ ಡಬ್ಬದ ಮೇಲೆ ಏನು ಬರೆದಿದೆ ಅಂತ ನೀವೇ ನಿಂತು ಓದಿ.